ನಡುಗೆರೆ ದಾಟಿದ ಮೇಲೆ

ಕೋಡಿಹಳ್ಳಿಯ ಆಚೆ, ತನ್ನ ಹೊಲದ ಬದುವಿನಲ್ಲಿ ಪುಟ್ಟಗೌರಮ್ಮ ಕುರಿಗಳಿಗೆ ಸೊಪ್ಪು ಕೊಯ್ಯುತ್ತಿದ್ದಾಗ ಬಿಳಿ ಕಾರೊಂದು ಮಣ್ಣುದಾರಿಯಲ್ಲಿ ಕುಲುಕಾಡುತ್ತಾ ಬಂದು ನಿಂತಿತು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಇಳಿದಳು. ಜೀನ್ಸ್ ಪ್ಯಾಂಟು, ಹೆಗಲಿಗೆ ಬಟ್ಟೆಯ ಚೀಲ. ಬದುವಿನ ಮೇಲೆ ಕಾಲಿಡಲು ಅವಳು ಹಿಂಜರಿಯಲಿಲ್ಲ. ಹಳ್ಳಿಯಲ್ಲಿ ಬೆಳೆದವಳೇ ಇರಬೇಕು ಎಂದುಕೊಂಡಳು ಪುಟ್ಟಗೌರಮ್ಮ.

"ರಾಮನಗರದ ಪಿಲೇಚರ್ ಕಬಡ್ಡಿ ಟೀಮಿನ ಕ್ಯಾಪ್ಟನ್ ಪುಟ್ಟಗೌರಮ್ಮ ಅಂದ್ರೆ ನೀವೇನಾ ಅಮ್ಮ?"

ಕುಡುಗೋಲು ಹಿಡಿದ ಕೈ ಹಾಗೇ ನಿಂತಿತು. ಕ್ಯಾಪ್ಟನ್ ಎಂದು ಅವಳನ್ನು ಯಾರಾದರೂ ಕರೆದು ನಲವತ್ಮೂರು ವರ್ಷವಾಗಿತ್ತು. ಆಚೆ ಕುರಿ ಕಾಯುತ್ತಿದ್ದ ಗಂಡ ಮಂಚಯ್ಯ, "ಯಾವ ಟೀಮು? ಯಾರು ಕ್ಯಾಪ್ಟನ್ನು?" ಎನ್ನುತ್ತಾ ಹತ್ತಿರ ಬಂದ.

"ನಾನು ಶ್ವೇತ ಅಂತ. ಗುಡೇಮಾರನಹಳ್ಳಿ. ನಿಮ್ಮ ಟೀಮಿನ ಚಿಕ್ಕಲಕ್ಷ್ಮಮ್ಮನ ಮಗಳು."

"ಲಚ್ಚಿ ಮಗಳಾ!" ಪುಟ್ಟಗೌರಮ್ಮ ಕುಡುಗೋಲು ಕೆಳಗೆ ಹಾಕಿ ಹುಡುಗಿಯ ಗಲ್ಲ ಹಿಡಿದಳು. "ಅದೇ ಮೂಗು ನೋಡು! ಎಂಗವ್ಳೆ ನಿಮ್ಮವ್ವ?"

ಅವ್ವ ಹೋಗಿ ಎರಡು ವರ್ಷವಾಯಿತು ಎಂದು ಶ್ವೇತ ಹೇಳಿದಳು. ಅವಳ ಸೀರೆಗಳ ನಡುವೆ ಒಂದು ಫೋಟೋ ಸಿಕ್ಕಿತಂತೆ. ಚೀಲದಿಂದ ಅದನ್ನು ತೆಗೆದು ಕೊಟ್ಟಳು. ಏಳು ಜನ ಹುಡುಗಿಯರು ಸಾಲಾಗಿ ನಿಂತಿದ್ದರು. ಏಳೂ ಜನಕ್ಕೆ ಅರ್ಧ ತೋಳಿನ ಅಂಗಿ, ಕೆಳಗೆ ಬಿಳೀ ಪೈಜಾಮ, ಬರಿಗಾಲು.

ಮಂಚಯ್ಯ ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. "ಸೊಂಟದ ಮೇಲೆ ಕೈ ಮಡೀಕಂಡು ನಿಂತವ್ಳಲ್ಲ, ಇವ್ಳ್ಯಾರು?"

"ನಾನೇ ಕಣ್ರಿ."

"ನಲವತ್ತೆರಡು ವರ್ಸ ನನ್ ಜೊತೆ ಬಾಳ್ವೆ ಮಾಡಿದ್ದೀಯ. ಇದೊಂದ್ ಮಾತ ಯೋಳ್ಲಿಲ್ವಲ್ಲಮ್ಮಿ?"

"ನೀವು ಕೇಳ್ಲಿಲ್ಲ."

ಹಾಗೆಂದು ನಕ್ಕಳಾದರೂ ಹೇಳದೆ ಇದ್ದುದಕ್ಕೆ ಬೇರೆಯೇ ಕಾರಣವಿತ್ತು.

ಅವಳು ಮದುವೆಗೆ ಮುಂಚೆ ರಾಮನಗರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ರೇಷ್ಮೆ ಕಾರ್ಖಾನೆಗೆ ಹೋಗುತ್ತಿದ್ದಳು. ಜನರ ಬಾಯಲ್ಲಿ ಅದು ಪಿಲೇಚರ್. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸ. ಸಂಜೆಯಾಗುವುದರೊಳಗೆ ಬೆರಳ ತುದಿಗಳೆಲ್ಲ ಬೆಂದು ಬಿಳಿಚಿಕೊಳ್ಳುತ್ತಿದ್ದವು. ಪಕ್ಕದ ಬೇಸಿನ್ನಿನಲ್ಲಿ ಗುಲ್ಜಾರ್ ಇರುತ್ತಿದ್ದಳು. ಊಟದ ಬಿಡುವಿನಲ್ಲಿ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಸುಮ್ಮನೆ ಶುರುವಾದ ಆಟ, ಎರಡು ವರ್ಷದಲ್ಲಿ ಟೀಮಾಯಿತು. ಪುಟ್ಟಗೌರಮ್ಮ ಕಾಲು ಹಿಡಿದಳೆಂದರೆ ಎಂಥವಳೂ ಕದಲುತ್ತಿರಲಿಲ್ಲ. ಗುಲ್ಜಾರ್ ರೈಡಿಗೆ ಹೋದಳೆಂದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಮೈಸೂರಿನಲ್ಲಿ ಕಾರ್ಮಿಕರ ರಾಜ್ಯಮಟ್ಟದ ಪಂದ್ಯಾವಳಿಗೆ ಹೆಸರು ಕೊಟ್ಟಾಗ ಆಟಗಾರ್ತಿಯರು ಚಡ್ಡಿ ಹಾಕಬೇಕೆಂದು ಪಂದ್ಯ ನಡೆಸುವವರು ಹೇಳಿದರು. ಗುಲ್ಜಾರಳ ಮನೆಯಲ್ಲಿ ಒಪ್ಪಲಿಲ್ಲ. ಹಾಗಾದರೆ ನಾನು ಬರುವುದಿಲ್ಲ, ನೀವು ಹೋಗಿ ಎಂದು ಅವಳು ಹಿಂದೆ ಸರಿದಾಗ ಪುಟ್ಟಗೌರಮ್ಮ ಏಳೂ ಜನಕ್ಕೆ ಪೈಜಾಮ ಹೊಲಿಸಿದಳು. ರೆಫರಿ ನಕ್ಕ, ಎದುರಾಳಿಗಳು ನಕ್ಕರು. ಆಟ ಶುರುವಾದ ಮೇಲೆ ಯಾರೂ ನಗಲಿಲ್ಲ.

"ಇದನ್ನ ಸಿನಿಮಾ ಮಾಡ್ತಿದ್ದೀನಿ ಅಮ್ಮ," ಎಂದಳು ಶ್ವೇತ. "ನಾನೇ ಡೈರೆಕ್ಟರ್. ಅವ್ವ ಹೇಳಿದ್ದಷ್ಟು ಕಥೆ ಗೊತ್ತು. ಆಟ ಹೇಳ್ಕೊಡೋಕೆ ನೀವು ಬರ್ಬೇಕು."

"ಗುಲ್ಜಾರ್ ಎಲ್ಲವ್ಳೆ?"

"ರಾಮನಗರದಲ್ಲೇ ಇದ್ದಾರೆ. ಪುಟ್ಟಿ ಬಂದ್ರೆ ನಾನೂ ಬರ್ತೀನಿ ಅಂದ್ರು."

ಪುಟ್ಟಗೌರಮ್ಮ ಸೊಪ್ಪಿನ ಹೊರೆಯ ಕಡೆ ತಿರುಗಿದಳು. ಹೊರೆಯನ್ನು ಬಿಗಿದು ಕಟ್ಟಿದಳು. ಆಮೇಲೆ, "ಬತ್ತೀನಿ," ಎಂದಳು.

ಮುಂದಿನ ಸೋಮವಾರ ಮಂಚಯ್ಯ ಅವಳನ್ನು ಮೊಪೆಡ್ಡಿನಲ್ಲಿ ಕನಕಪುರದ ಬಸ್‌ಸ್ಟ್ಯಾಂಡಿಗೆ ಬಿಟ್ಟ. ರಾಮನಗರದ ಕಾಲೇಜು ಮೈದಾನದಲ್ಲಿ ಪಾತ್ರಗಳಿಗೆ ಹುಡುಗಿಯರನ್ನು ಆರಿಸುತ್ತಿದ್ದರು. ನಾಲ್ಕು ತಾಲ್ಲೂಕುಗಳಿಂದ ಇನ್ನೂರು ಜನ ಬಂದಿದ್ದರು. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗುಲ್ಜಾರ್ ಬೀ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬೇಸಿನ್ನಿನ ಹಬೆ, ಹೊಗೆ ಕುಡಿದೂ ಕುಡಿದೂ ಉಸಿರು ಗೊರಗೊರ ಎನ್ನುತ್ತಿತ್ತು.

ಪುಟ್ಟಗೌರಮ್ಮ ಹತ್ತು ಮಾರು ದೂರದಲ್ಲೇ ನಿಂತುಬಿಟ್ಟಳು.

"ಏನೇ ಪುಟ್ಟೀ," ಗುಲ್ಜಾರ್ ಅಲ್ಲಿಂದಲೇ ಕೂಗಿದಳು. "ಇನ್ನೂ ಕೋಪಾನಾ? ಮುದುಕಿ ಆಗ್ಬುಟ್ಟೆ, ಬಾ ಕೂತ್ಕೋ."

ಬಂದು ಕೂತಳು. ಅಷ್ಟರಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಮೈದಾನದ ನಡುಗೆರೆ ದಾಟಿ ಬಾಗಿ, ಬಲಗೈ ಚಾಚಿ, ಎಡಕ್ಕೆ ಹೊರಳಿದ್ದನ್ನು ಕಂಡು ಪುಟ್ಟಗೌರಮ್ಮ ಎದ್ದು ನಿಂತಳು. ಅದು ಗುಲ್ಜಾರಳದೇ ಹೊರಳು.

"ನನ್ ಮೊಮ್ಮಗಳು ಅಸ್ರಾ. ಬಿಕಾಂ ಓದ್ತಾವ್ಳೆ," ಎಂದಳು ಗುಲ್ಜಾರ್. "ಸಿನಿಮಾ ಅಂದ್ರೆ ಬ್ಯಾಡ ಅಂದ ಅವಳಪ್ಪ. ನಿನ್ನಮ್ಮ ಮೈಸೂರಲ್ಲಿ ಸಾವಿರ ಜನದ ಮುಂದೆ ಆಡವ್ಳೆ, ಸುಮ್ನಿರೋ ಅಂದೆ."

ಗುಲ್ಜಾರಳ ಪಾತ್ರಕ್ಕೆ ಅಸ್ರಾ ಅಂದೇ ಆಯ್ಕೆಯಾದಳು. ಕ್ಯಾಪ್ಟನ್ ಪಾತ್ರ ಅಷ್ಟು ಸಲೀಸಾಗಲಿಲ್ಲ. ನಿರ್ಮಾಪಕ ಅನಂತರಾಜು ಚನ್ನಪಟ್ಟಣದಲ್ಲಿ ಮರದ ಬೊಂಬೆಯ ವ್ಯಾಪಾರ ಮಾಡುವವರು. ಪೋಸ್ಟರಿನಲ್ಲಿ ಒಂದಾದರೂ ಗುರುತಿನ ಮುಖ ಇರಲಿ ಎಂದು ಬೆಂಗಳೂರಿನಿಂದ ಹೆಸರಿರುವ ನಟಿಯನ್ನು ಕರೆಸಿದ್ದರು. ಹುಡುಗಿ ಒಳ್ಳೆಯವಳೇ. ಎರಡು ದಿನ ಮಣ್ಣಿನಲ್ಲಿ ಬಿದ್ದಳು. ಮೂರನೆಯ ದಿನ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದು, "ನನ್ನ ಕೈಲಾಗಲ್ಲ ಅಮ್ಮ, ಬಲವಂತಕ್ಕೆ ಮಾಡಿದ್ರೆ ನಿಮ್ಮ ಮಾನ ಕಳೀತೀನಿ," ಎಂದು ಪುಟ್ಟಗೌರಮ್ಮನ ಕಾಲಿಗೆ ನಮಸ್ಕರಿಸಿ ಹೊರಟುಹೋದಳು.

ಅವಳ ಜಾಗಕ್ಕೆ ಬಂದವಳು ಲತಾಮಣಿ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗ ಜೋಡಿಸುವ ಕೆಲಸ, ಭಾನುವಾರ ಕಬಡ್ಡಿ. ಕಪ್ಪು ಬಣ್ಣ, ಗಟ್ಟಿ ಮಣಿಕಟ್ಟು, ಮಾತು ಕಮ್ಮಿ. ಪುಟ್ಟಗೌರಮ್ಮ ಸೀರೆಯನ್ನು ಕಚ್ಚೆ ಕಟ್ಟಿ ಅಂಕಣಕ್ಕಿಳಿದಳು.

"ಕಾಲ್ ನೋಡ್ಬ್ಯಾಡ ಕಣವ್ವ, ಅವ್ಳ ಸೊಂಟ ನೋಡು. ಸೊಂಟ ಯಾವ ಕಡೀಕೆ ತಿರುಗ್ತದೋ ಆ ಕಡೀಕೆ ಕಾಲು ಬಂದೇ ಬತ್ತದೆ. ಹಿಡಿದ್ಮೇಲೆ ಎಳೀಬ್ಯಾಡ, ಅಪ್ಪೀಕಂಡು ಕೂತ್ಕೋ."

ತೋರಿಸಲು ತಾನೇ ಹಿಡಿದಳು. ಲತಾಮಣಿ ಎಷ್ಟು ಕೊಸರಿದರೂ ಬಿಡಿಸಿಕೊಳ್ಳಲಾಗಲಿಲ್ಲ. ಲೈಟಿನವರು, ಕ್ಯಾಮೆರಾದವರು, ಕಾಫಿ ಕೊಡುವವರು ಎಲ್ಲ ಚಪ್ಪಾಳೆ ತಟ್ಟಿದರು. ಅರವತ್ತಮೂರರ ಹೆಂಗಸು ಮಣ್ಣು ಕೊಡವಿಕೊಂಡು ಎದ್ದಳು. ಅವತ್ತು ಬಸ್ಸಿನಲ್ಲಿ ಕನಕಪುರಕ್ಕೆ ಮರಳುವಾಗ ದಾರಿಯುದ್ದಕ್ಕೂ ಅವಳ ಮುಖದಲ್ಲಿ ನಗು ಮಾಸಲಿಲ್ಲ.

ಚಿತ್ರದ ಹೆಸರು 'ನಡುಗೆರೆ' ಎಂದಾಯಿತು. ಮೂರು ತಿಂಗಳು ಶೂಟಿಂಗ್ ನಡೆಯಿತು. ಹಳೇ ಬೇಸಿನ್ನುಗಳನ್ನು ಹುಡುಕಿ ತಂದರು, ಹಳೇ ಬಸ್ಸಿಗೆ ಬಣ್ಣ ಬಳಿದರು, ಏಳು ಪೈಜಾಮ ಹೊಲಿಸಿದರು. ಕಡೆಗೆ ಮೈಸೂರಿನ ಫೈನಲ್ ಪಂದ್ಯ ತೆಗೆಯುವ ದಿನ ಬಂತು. ಬೆಟ್ಟದ ಬುಡದ ಬಯಲಿನಲ್ಲಿ ಬೆಳಿಗ್ಗೆಯೇ ಐನೂರು ಜನರನ್ನು ಪ್ರೇಕ್ಷಕರಾಗಿ ಕೂರಿಸಿದ್ದರು. ಮೇಕಪ್ ಮಾಡಿಸಿಕೊಳ್ಳುತ್ತಿದ್ದ ಲತಾಮಣಿ ಖುಷಿಯಿಂದ ಹೇಳಿದಳು:

"ಅಮ್ಮಾ, ಲಾಸ್ಟಲ್ಲಿ ನಾನೇ ಅವ್ರ ರೈಡರ್ ಕಾಲು ಹಿಡಿದು ಗೆಲ್ಲಿಸ್ಬುಡ್ತೀನಿ. ಎಲ್ರೂ ನನ್ನ ಎತ್ಕೊಂಡು ಕುಣೀತಾರಂತೆ!"

ಪುಟ್ಟಗೌರಮ್ಮನಿಗೆ ಒಂದು ಗಳಿಗೆ ಹಾಲು ಕುಡಿದಷ್ಟು ಹಿತವಾಯಿತು. ಪರದೆಯ ಮೇಲೆ ತನ್ನ ಹೆಸರಿನವಳು ಗೆಲ್ಲುತ್ತಾಳೆ, ಕೋಡಿಹಳ್ಳಿಯವರೆಲ್ಲ ನೋಡುತ್ತಾರೆ. ಆಗ ಕಣ್ಣು ಪಕ್ಕಕ್ಕೆ ಹೊರಳಿತು. ಗುಲ್ಜಾರ್ ಬೀ ಮೊಮ್ಮಗಳ ಜಡೆಗೆ ರಿಬ್ಬನ್ ಕಟ್ಟುತ್ತಾ ತಲೆ ತಗ್ಗಿಸಿಕೊಂಡಿದ್ದಳು.

"ಗುಲ್ಜಾರೂ, ಇದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಸುಮ್ಕಿದ್ದೆ?"

"ಗೆಲ್ಲೋದು ನೋಡೋಕೆ ಎಲ್ರಿಗೂ ಆಸೆ ಪುಟ್ಟಿ. ಒಂದ್ ಸಲ ಕೆಡಿಸಿದ್ದು ಸಾಲ್ದಾ? ಮತ್ತೆ ನಾನ್ಯಾಕೆ ಕೆಡಿಸ್ಲಿ?"

ಆ ಮಾತು ಎದೆಗೆ ನಾಟಿತು. ಪುಟ್ಟಗೌರಮ್ಮ ನೇರ ಕ್ಯಾಮೆರಾದ ಹತ್ತಿರ ನಡೆದಳು. ಅನಂತರಾಜು, ಶ್ವೇತ ಇಬ್ಬರೂ ಅಲ್ಲೇ ಇದ್ದರು.

"ಶ್ವೇತ, ನಾವು ಗೆಲ್ಲಲಿಲ್ಲ ಕಣವ್ವ. ಸೋತ್ವಿ."

"ಅವ್ವ ಗೆದ್ವಿ ಅಂತ್ಲೇ ಹೇಳ್ತಿದ್ಲಲ್ಲ!"

"ಲಚ್ಚಿಗೆ ಮಗಳ ಮುಂದೆ ಸೋತೆ ಅನ್ನೋಕೆ ಮನಸ್ಸು ಬಂದಿರಾಕಿಲ್ಲ. ನಾನೂ ನಲವತ್ಮೂರು ವರ್ಸ ಬಾಯೇ ಬುಡ್ಲಿಲ್ವಲ್ಲ. ಕೂತ್ಕೋ, ಯೋಳ್ತೀನಿ."

ಹೇಳಿದಳು. ಇಪ್ಪತ್ತೊಂದು, ಇಪ್ಪತ್ತೊಂದು. ಕೊನೆಯ ರೈಡು. ಗುಲ್ಜಾರ್ ನಡುಗೆರೆ ದಾಟಿ ಹೋದಳು. ಇಬ್ಬರನ್ನು ಮುಟ್ಟಿದಳು. ಮೂವರು ಮೇಲೆ ಬಿದ್ದರೂ ಹೊರಳಿ, ತೆವಳಿ, ಗೆರೆ ಮುಟ್ಟಿದಳು. ರೆಫರಿ ಸೀಟಿ ಊದಿ ಎರಡು ಬೆರಳು ಎತ್ತಿದ. ಆರು ಜನ ಕುಣಿಯತೊಡಗಿದರು. ಗುಲ್ಜಾರ್ ಮಾತ್ರ ಎದ್ದು, ಮೈ ಕೊಡವಿ, ರೆಫರಿಯ ಹತ್ತಿರ ಹೋದಳು. 'ಸಾರ್, ಕೆಳಗೆ ಬಿದ್ದಾಗ ನನ್ನ ಉಸಿರು ಮುರೀತು. ಕಬಡ್ಡಿ ಅನ್ನೋದು ನಿಂತೋಗಿತ್ತು. ಗದ್ದಲದಲ್ಲಿ ನಿಮಗೆ ಕೇಳಿಲ್ಲ' ಎಂದಳು. ಎರಡು ಅಂಕ ಹೋಯಿತು. ಎದುರಿನವರಿಗೆ ಒಂದು ಸೇರಿತು. ಇಪ್ಪತ್ತೊಂದು, ಇಪ್ಪತ್ತೆರಡು.

"ಎದುರು ಟೀಮಿನೋರೇ ಬಂದು ಅವ್ಳ ಕೈ ಹಿಡಿದ್ರು. ನಾನು ಕ್ಯಾಪ್ಟನ್ನು, ನಾನೇನ್ ಮಾಡ್ದೆ ಗೊತ್ತಾ? 'ನಿನ್ನೊಬ್ಬಳಿಗೋಸ್ಕರ ಏಳು ಜನ ಪೈಜಾಮ ಹಾಕಂಡ್ವಿ, ನೀನು ನಮ್ಮನ್ನೆಲ್ಲ ಮಣ್ಣು ಮಾಡ್ಬುಟ್ಟೆ' ಅಂದೆ. ಬೆನ್ನು ತಿರುಗ್ಸಿ ನಡೆದೆ. ಬಸ್ಸಲ್ಲಿ ಅವ್ಳ ಪಕ್ಕ ಕೂರ್ಲಿಲ್ಲ. ಎರಡು ತಿಂಗ್ಳಿಗೆ ನನ್ ಮದ್ವೆ ಆಯ್ತು, ಅವ್ಳಿಗೆ ಲಗ್ನಪತ್ರಿಕೆ ಕೊಡ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದ್ನೆಲ್ಲ ತೋರ್ಸು. ನಾನು ಅಂದಿದ್ದೂ ತೋರ್ಸು. ಇಲ್ದಿದ್ರೆ ನನ್ ಹೆಸರು ತೆಗೆದಾಕ್ಬುಡು."

ಹಿಂದಿನಿಂದ ಗೊರಗೊರ ಉಸಿರು ಕೇಳಿತು. ಗುಲ್ಜಾರ್ ಬೀ ಬಂದು ನಿಂತಿದ್ದಳು. ಪುಟ್ಟಗೌರಮ್ಮ ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ತಪ್ಪಾಯ್ತು ಕಣೇ ಗುಲ್ಜಾರೂ."

"ಇಷ್ಟಕ್ಕೆ ಇಷ್ಟ್ ವರ್ಸ ಬೇಕಾಯ್ತಾ ನಿಂಗೆ?" ಎಂದು ಗುಲ್ಜಾರ್ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಅಸ್ರಾ, ಲತಾಮಣಿ ಇಬ್ಬರೂ ಪೈಜಾಮದಲ್ಲಿ ನಿಂತು ನೋಡುತ್ತಿದ್ದರು. ಲತಾಮಣಿಯ ಮೇಕಪ್ಪು ಕೆನ್ನೆಯ ಮೇಲೆ ಇಳಿದು ಹೋಗಿತ್ತು.

ಅನಂತರಾಜು ತಲೆ ಕೆರೆದುಕೊಂಡರು. "ಕಥೆ ಚೆನ್ನಾಗೈತೆ ಅಮ್ಮ, ಇಲ್ಲ ಅನ್ನಲ್ಲ. ಆದ್ರೆ ಆಟದ ಸಿನಿಮಾದಲ್ಲಿ ಸೋತ್ರೆ ಜನ ಎದ್ದೋಯ್ತಾರೆ. ಅದೂ ಕ್ಯಾಪ್ಟನ್ನೇ ಕೆಟ್ಟೋಳಾದ್ರೆ?" ಕೊನೆಗೆ, ಎರಡೂ ಥರ ತೆಗೆಯಿರಿ, ಯಾವುದು ಇಡಬೇಕೋ ಆಮೇಲೆ ನೋಡೋಣ ಎಂದರು. ಶ್ವೇತ ಹೂಂ ಎಂದಳು, ಬೇರೆ ದಾರಿ ಇರಲಿಲ್ಲ. ಗೆಲ್ಲುವುದನ್ನು ಮಧ್ಯಾಹ್ನದೊಳಗೆ ಮುಗಿಸಿ, ಸೋಲುವುದನ್ನು ಮೂರು ದಿನ ಕೂತು ತೆಗೆದಳು.

ಎಂಟು ತಿಂಗಳಾದ ಮೇಲೆ, ಶುಕ್ರವಾರ ಹತ್ತೂವರೆಯ ಆಟಕ್ಕೆ ರಾಮನಗರದ ಟಾಕೀಸಿನ ಮುಂದೆ ಪುಟ್ಟಗೌರಮ್ಮ ಗಂಡನ ಜೊತೆ ಬಂದಿಳಿದಳು. ಯಾವ ಕೊನೆ ಇಟ್ಟಿದ್ದಾರೆಂದು ಶ್ವೇತ ಹೇಳಿರಲಿಲ್ಲ. ಕೇಳಲು ಇವಳಿಗೂ ಧೈರ್ಯವಾಗಿರಲಿಲ್ಲ. ಪೋಸ್ಟರಿನಲ್ಲಿ ಲತಾಮಣಿ, ಅಸ್ರಾ ಮಣ್ಣು ಮೆತ್ತಿದ ಮುಖದಲ್ಲಿ ನಗುತ್ತಿದ್ದರು. ಟಾಕೀಸು ಅರ್ಧ ತುಂಬಿತ್ತು. ನಡುವಿನ ಸಾಲಿನಲ್ಲಿ ಗುಲ್ಜಾರ್ ಬೀ ಅವಳಿಗೆಂದು ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಕಿಟ್ಟಿದ್ದಳು.

ಹಬೆಯಾಡುವ ಬೇಸಿನ್ನುಗಳು ಪರದೆಯ ಮೇಲೆ ಬಂದಾಗ ಹಿಂದಿನ ಸಾಲಿನ ಹೆಂಗಸರು, "ನೋಡೇ, ನಮ್ಮ ಪಿಲೇಚರ್ರು!" ಎಂದು ಕೂಗಿದರು. ಪೈಜಾಮ ಹೊಲಿಸುವ ದೃಶ್ಯಕ್ಕೆ ಸೀಟಿ ಬಿತ್ತು. ಫೈನಲ್ ಶುರುವಾದಾಗ ಜನ ಸೀಟಿನ ತುದಿಗೆ ಬಂದಿದ್ದರು. ಪರದೆಯ ಮೇಲೆ ಅಸ್ರಾ ನಡುಗೆರೆ ದಾಟಿದಳು. ಮುಟ್ಟಿದಳು, ಬಿದ್ದಳು, ತೆವಳಿದಳು. ಸೀಟಿ ಕೇಳಿತು. ಇಡೀ ಟಾಕೀಸು ಎದ್ದು ಕುಣಿಯಿತು. ಪುಟ್ಟಗೌರಮ್ಮ ಉಸಿರು ಬಿಗಿಹಿಡಿದಳು.

ಅಸ್ರಾ ರೆಫರಿಯ ಹತ್ತಿರ ನಡೆದಳು.

"ಅಯ್ಯಯ್ಯೋ, ಯಾಕೆ ಯೋಳ್ದೆ!" ಯಾರೋ ಒಬ್ಬ ನಿಜವಾಗಿಯೂ ಅಳುವ ದನಿಯಲ್ಲಿ ಕೂಗಿದ. ಆಮೇಲೆ ಸದ್ದೇ ಇಲ್ಲ. ಆ ಸದ್ದಿಲ್ಲದ ಟಾಕೀಸಿನಲ್ಲಿ ಪುಟ್ಟಗೌರಮ್ಮ, ನಲವತ್ನಾಲ್ಕು ವರ್ಷದ ಹಿಂದೆ ತಾನು ಆಡಿದ ಮಾತನ್ನು ಲತಾಮಣಿ ಒಂದಕ್ಷರ ಬಿಡದೆ ಆಡಿ ಬೆನ್ನು ತಿರುಗಿಸಿದ್ದನ್ನು ಕಣ್ಣು ಮುಚ್ಚದೆ ನೋಡಿದಳು.

"ಥೂ, ಎಂಥಾ ಹೆಂಗ್ಸಪ್ಪಾ ಇವ್ಳು!" ಹಿಂದಿನಿಂದ ಒಬ್ಬ ಅಂದ. ಇನ್ನೊಬ್ಬ ಸೀಟಿ ಹೊಡೆದು ಛೀಮಾರಿ ಹಾಕಿದ. ಅವಳ ಕಿವಿ ಕಾದವು. ಆದರೂ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕೂತಿದ್ದಳು. ಬೈಸಿಕೊಳ್ಳಬೇಕಾದುದನ್ನು ಬೈಸಿಕೊಳ್ಳುತ್ತಿದ್ದೇನೆ, ಅದಕ್ಕೇನಂತೆ ಎಂದುಕೊಂಡಳು.

ಗುಲ್ಜಾರ್ ಬೀಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹಿಂದೆ ತಿರುಗಿದಳು.

"ಏಯ್, ಬಾಯ್ ಮುಚ್ರೋ! ನಮ್ ಕ್ಯಾಪ್ಟನ್ ಇಲ್ಲೇ ಕೂತವ್ಳೆ! ನಂಗೋಸ್ಕರ ಪೈಜಾಮ ಹಾಕ್ಸಿದ್ದೂ ಇವ್ಳೇ, ಈ ಮಾತ್ನ ಸಿನಿಮಾದಲ್ಲಿ ಹಾಕ್ಸಿದ್ದೂ ಇವ್ಳೇ! ನಿಮ್ಮಲ್ಲಿ ಯಾರಿಗೈತೆ ಇಂಥ ಗುಂಡಿಗೆ?"

ಜನ ತಬ್ಬಿಬ್ಬಾದರು. ಹಿಂದಿನ ಸಾಲಿನ ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಅಷ್ಟರಲ್ಲಿ ಪರದೆಯ ಮೇಲೆ ಶ್ವೇತಳ ಅವ್ವ ಇಟ್ಟುಕೊಂಡಿದ್ದ ಫೋಟೋ ಬಂತು. ಏಳು ಮುಖ, ಏಳು ಹೆಸರು. ಒಂದೊಂದೇ ಹೆಸರು ಮೂಡಿದಾಗ ಚಪ್ಪಾಳೆ ಏರುತ್ತಾ ಹೋಯಿತು. ಪುಟ್ಟಗೌರಮ್ಮ, ಕ್ಯಾಪ್ಟನ್ ಎಂದು ಬಂದಾಗ ಛೀಮಾರಿ ಹಾಕಿದವನೇ ಎದ್ದು ನಿಂತು ಎರಡು ಕೈ ತಲೆಯ ಮೇಲೆತ್ತಿ ಬಡಿದ. ಲೈಟು ಹತ್ತಿದಾಗ ಮಂಚಯ್ಯ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ಏನ್ರೀ, ಅಳ್ತಾ ಇದ್ದೀರಾ?"

"ಸೆಕೆ ಕಣಮ್ಮಿ," ಎಂದ ಅವನು. ಮುಖ ತೋರಿಸಲಿಲ್ಲ.

ಆ ವಾರ ಬೆಂಗಳೂರಿನಲ್ಲಿ ಸಿನಿಮಾ ಅಷ್ಟಕ್ಕಷ್ಟೇ ಓಡಿತು. ಗುರುತಿನ ಮುಖವಿಲ್ಲ, ಮೊದಲರ್ಧ ನಿಧಾನ ಎಂದು ಒಂದು ಪತ್ರಿಕೆ ಬರೆಯಿತು. ಅದೇ ಪತ್ರಿಕೆ, ಗುಲ್ಜಾರ್ ಪಾತ್ರದ ಹುಡುಗಿ ಯಾರು, ಎಲ್ಲಿಂದ ತಂದರು ಎಂದೂ ಕೇಳಿತ್ತು. ರಾಮನಗರ, ಚನ್ನಪಟ್ಟಣಗಳಲ್ಲಿ ಮಾತ್ರ ಭಾನುವಾರದ ಹೊತ್ತಿಗೆ ಟಿಕೆಟ್ಟಿಗೆ ನೂಕುನುಗ್ಗಲಾಯಿತು. ರೇಷ್ಮೆ ರೀಲಿಂಗ್ ಘಟಕಗಳ ಹೆಂಗಸರು ಗುಂಪು ಗುಂಪಾಗಿ ಬಂದರು. ಬಿಡದಿಯಲ್ಲಿ ಲತಾಮಣಿಯ ಶಿಫ್ಟಿನ ಹುಡುಗಿಯರು ಎರಡು ಬಸ್ಸು ಮಾಡಿಕೊಂಡು ಹೊರಟರು. ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯುರಿಟಿಯವನು ಅವಳ ಐಡಿ ಕಾರ್ಡು ನೋಡುವುದು ಬಿಟ್ಟು, "ಬನ್ನಿ ಕ್ಯಾಪ್ಟನ್" ಎನ್ನುತ್ತಿದ್ದನಂತೆ. ಅಸ್ರಾಳ ಅಪ್ಪ ಮೂರು ಸಲ ನೋಡಿ, ನಾಲ್ಕನೆಯ ಸಲಕ್ಕೆ ಇಡೀ ಬೀದಿಯನ್ನು ಕರೆದುಕೊಂಡು ಹೋದ. ಅನಂತರಾಜು ಫೋನು ಮಾಡಿ, "ನೀವು ಯೋಳಿದ್ದೇ ಸರಿಯಾಯ್ತು ಅಮ್ಮ, ಗೆದ್ದಿದ್ದು ಇಟ್ಟಿದ್ರೆ ಎರಡೇ ದಿನಕ್ಕೆ ಎತ್ತಿಬುಡೋರು," ಎಂದರು.

ಮೂರನೆಯ ವಾರ ಚಿತ್ರ ಕನಕಪುರಕ್ಕೆ ಬಂತು. ಈ ಸಲ ಮಂಚಯ್ಯನೇ ಮುಂದೆ ನಿಂತು ಕೋಡಿಹಳ್ಳಿ ಕಡೆಯ ಐವತ್ತು ಜನರನ್ನು ಹೊರಡಿಸಿದ. ಗುಲ್ಜಾರ್ ಬೀ ಹಿಂದಿನ ದಿನವೇ ಬಂದು ಪುಟ್ಟಗೌರಮ್ಮನ ಮನೆಯಲ್ಲಿ ಉಳಿದಿದ್ದಳು. ಕುರಿಮರಿಯನ್ನು ಮಡಿಲಲ್ಲಿಟ್ಟುಕೊಂಡು ಅರ್ಧ ಊರಿಗೆ ಮೈಸೂರಿನ ಕಥೆ ಹೇಳಿದ್ದಳು.

ಆಟ ಬಿಟ್ಟ ಮೇಲೆ ಟಾಕೀಸಿನ ಅಂಗಳದಲ್ಲಿ ಟ್ರ್ಯಾಕ್‌ಸೂಟು ಹಾಕಿದ ಹೈಸ್ಕೂಲು ಹುಡುಗಿಯರ ಕಬಡ್ಡಿ ಟೀಮು ಅವರಿಬ್ಬರನ್ನೂ ಸುತ್ತುವರಿಯಿತು. ಎಲ್ಲರಿಗೂ ಗುಲ್ಜಾರಳ ಜೊತೆ ಫೋಟೋ ಬೇಕು. ಅವರಲ್ಲೊಬ್ಬಳು, ನಯನ ಎಂಬ ಹುಡುಗಿ, ಪುಟ್ಟಗೌರಮ್ಮನನ್ನೇ ನೋಡುತ್ತಾ ನಿಂತಿದ್ದಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಜ್ಜಿ, ಆ ಅಜ್ಜಿಗೆ ಬೈದು ಬೆನ್ನು ತಿರುಗ್ಸಿದ್ದು ನೀವೇನಾ?"

ಕೋಡಿಹಳ್ಳಿಯವರೆಲ್ಲ ಇತ್ತ ತಿರುಗಿದರು. ಮಂಚಯ್ಯ ಹುಡುಗಿಗೆ ಏನೋ ಹೇಳಲು ಹೊರಟ. ಪುಟ್ಟಗೌರಮ್ಮ ಕೈಯಲ್ಲೇ ಅವನನ್ನು ತಡೆದಳು.

"ಹೂಂ ಕಣವ್ವ, ನಾನೇ. ನಾನು ಕ್ಯಾಪ್ಟನ್ ಪುಟ್ಟಗೌರಮ್ಮ," ಎಂದಳು, ಅಂಗಳದ ಆಚೆ ತುದಿಗೂ ಕೇಳುವಂತೆ. "ಇವ್ಳು ಗುಲ್ಜಾರ್ ಬೀ. ನನ್ ಟೀಮಿನ ರೈಡರ್ರು. ಈ ನಾಲ್ಕು ತಾಲ್ಲೂಕಲ್ಲಿ ಇವಳಂಥ ಆಟಗಾರ್ತಿ ಇನ್ನೂ ಹುಟ್ಟಿಲ್ಲ."

"ನಾವ್ ಹುಟ್ಟಿದ್ದೀವಲ್ಲ ಅಜ್ಜಿ!" ಎಂದಳು ನಯನ.

ಗುಲ್ಜಾರ್ ಬೀ ಕೆಮ್ಮು ಬರುವ ತನಕ ನಕ್ಕಳು. ಪುಟ್ಟಗೌರಮ್ಮ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಂಗಾದ್ರೆ ಒಸಿ ತೋರ್ಸು, ಎಂಗೆ ಕಾಲು ಹಿಡೀತೀಯ ನೋಡಾನ," ಎಂದಳು.